ಬಿಳಿ ದಾರಿ ಉಳಿದದ್ದು ಹೇಗೆ?

ಗ್ರಾವೆಲ್ ಬೈಕ್ ಅನ್ನೋ ಹೆಸರು ಈಗ ಬೆಂಗಳೂರಿನ ಸೈಕಲ್ ಅಂಗಡಿಗಳಲ್ಲೂ ಕೇಳಿಸ್ತಿದೆ. ನೋಡೋಕೆ ರೇಸ್ ಸೈಕಲ್ಲಿನ ಹಾಗೇ ಬಾಗಿದ ಹ್ಯಾಂಡಲ್. ಆದ್ರೆ ಟೈರು ಅಗಲ, ಜಲ್ಲಿ-ಮಣ್ಣಿನ ಮೇಲೆ ಜಾರದ ಹಾಗೆ ಅದಕ್ಕೆ ಸಣ್ಣ ಸಣ್ಣ ಹಲ್ಲು. ಹೊಲದ ದಾರಿ, ಕಾಡಿನ ದಾರಿ, ಹೊಳೆ ದಂಡೆಯ ದಾರಿ, ಒಟ್ಟಿನಲ್ಲಿ ಡಾಂಬರು ಕಾಣದ ದಾರಿಯನ್ನೇ ಹುಡುಕಿಕೊಂಡು ಹೋಗುವವರಿಗೆ ಅಂತ ಮಾಡಿದ ಸೈಕಲ್ಲು ಇದು. ನಮ್ಮ ಆಫೀಸಿನಲ್ಲಿ ಈ ಹುಚ್ಚಿನವರು ನಾಲ್ಕೈದು ಜನ ಇದ್ದೀವಿ. ಭಾನುವಾರ ಬೆಳಗ್ಗೆ ಯಾವುದೋ ನಾಲೆ ಏರಿ ಮೇಲೆ ಟೀ ಕುಡೀತಾ ಕೂತಾಗ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: "ಸಾಯೋದ್ರೊಳಗೆ ಒಂದ್ಸಲ ಟಸ್ಕನಿಗೆ ಹೋಗಿ ಓಡಿಸಬೇಕು ಗುರು."

ಟಸ್ಕನಿ ಇರೋದು ಇಟಲಿಯ ನಡುಭಾಗದಲ್ಲಿ. ಅಲ್ಲಿನ ಸಿಯೆನಾ ನಗರದ ಸುತ್ತ ಗುಡ್ಡ ಹತ್ತಿ ಇಳಿಯುವ ಜಲ್ಲಿ ರಸ್ತೆಗಳಿಗೆ 'ಸ್ತ್ರಾದೆ ಬಿಯಾಂಕೆ' ಅಂತಾರೆ. ಬಿಳಿ ದಾರಿಗಳು ಅಂತ ಅರ್ಥ. ಅಲ್ಲೇ ಸಿಗುವ ಸುಣ್ಣಕಲ್ಲನ್ನ ಒಡೆದು ಹಾಸಿರೋದ್ರಿಂದ ಆ ಬಣ್ಣ. ಚಿತ್ರ ನೀವೂ ನೋಡಿರ್ತೀರಿ: ಎರಡೂ ಕಡೆ ಸೈಪ್ರಸ್ ಮರಗಳ ಸಾಲು, ಗುಡ್ಡದ ತುದಿಯಲ್ಲಿ ಒಂಟಿ ಕಲ್ಲಿನ ಮನೆ. ಗೆಳೆಯರು ಅದನ್ನ ನೋಡಿ ಟೈರಿಗೆ ಎಷ್ಟು ಗಾಳಿ ಹೊಡೀಬೇಕು ಅಂತ ಲೆಕ್ಕ ಹಾಕ್ತಾರೆ. ನಂದು ಹಳ್ಳಿ ಬುದ್ಧಿ. ಒಂದೇ ಒಂದು ಮನೆಗೆ ಇಷ್ಟುದ್ದ ರಸ್ತೆ ಯಾಕೆ ಬೇಕಾಯ್ತು? ಆ ಮನೇಲಿ ಇದ್ದೋರು ಈಗ ಎಲ್ಲಿ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಓದಿದಾಗ ಸಿಕ್ಕ ಕತೆ ಇದು.

ಆ ಸೀಮೆಯಲ್ಲಿ ದಾರಿಗಳು ಬಹಳ ಹಳೆಯವು. 990ನೇ ಇಸವಿಯಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಊರಿಗೆ ಮರಳುವಾಗ ತಂಗಿದ ಜಾಗಗಳ ಪಟ್ಟಿ ಬರೆಸಿಟ್ಟಿದ್ದಾನೆ. ಅದರಲ್ಲಿ ಸಿಯೆನಾ ಇದೆ, ಆರ್ಬಿಯಾ ಹೊಳೆಯ ಹತ್ತಿರದ ತಂಗುದಾಣ ಇದೆ. ಇವತ್ತು ಸೈಕಲ್ಲಿನವರು ಆರ್ಬಿಯಾ, ಓರ್ಚಾ ಹೊಳೆಗಳ ಕಣಿವೆಯಲ್ಲಿ ಓಡಿಸುವಾಗ ಅಲ್ಲಲ್ಲಿ ಈ ಯಾತ್ರಿಕರ ದಾರಿಯನ್ನೇ ತುಳೀತಾರೆ.

ಇನ್ನೊಂದು ಸಾಕ್ಷಿ ಸಿಯೆನಾದ ಪುರಭವನದ ಗೋಡೆ ಮೇಲಿದೆ. 1338-39ರಲ್ಲಿ ಅಂಬ್ರೋಜಿಯೋ ಲೊರೆಂಜೆಟ್ಟಿ ಅನ್ನೋ ಕಲಾವಿದ ಅಲ್ಲಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಭಿತ್ತಿಚಿತ್ರ ಬರೆದ. ಒಳ್ಳೆಯ ಆಡಳಿತದಲ್ಲಿ ಹಳ್ಳಿಗಾಡು ಹೇಗಿರುತ್ತೆ ಅಂತ ತೋರಿಸೋಕೆ ಅವನು ಬಿಡಿಸಿದ್ದು ಒಂದು ರಸ್ತೆಯನ್ನ. ಕೆಳಗಿನಿಂದ ರೈತರು ಮೂಟೆ ಹೇರಿದ ಪ್ರಾಣಿಗಳನ್ನ ಹೊಡೆದುಕೊಂಡು, ಹಂದಿ ಅಟ್ಟಿಕೊಂಡು ಪೇಟೆಗೆ ಹತ್ತಿ ಬರ್ತಿದ್ದಾರೆ. ಅದೇ ದಾರಿಯಲ್ಲಿ ಕುದುರೆ ಏರಿದ ಸಾಹುಕಾರರು ಡೇಗೆ ಹಕ್ಕಿ ಹಿಡಿದು ಶೋಕಿಯ ಬೇಟೆಗೆ ಇಳಿದು ಹೋಗ್ತಿದ್ದಾರೆ. ದುಡಿಯೋಕೆ ಬರೋರು, ಮಜಾಕ್ಕೆ ಹೋಗೋರು, ಇಬ್ಬರಿಗೂ ದಾರಿ ಒಂದೇ. ಗ್ರಾವೆಲ್ ಬೈಕ್ ತುಳಿಯುವಾಗ ನನಗೆ ಬಹಳ ಸಲ ನೆನಪಾಗೋ ಚಿತ್ರ ಇದು.

ಈಗ ಒಂಟಿ ಮನೆಗೆ ಬರೋಣ. ನೂರಾರು ವರ್ಷ ಟಸ್ಕನಿಯ ಬೇಸಾಯ ನಡೆದದ್ದು 'ಮೆತ್ಸಾದ್ರಿಯಾ' ಪದ್ಧತಿಯಲ್ಲಿ. ಹೆಸರಿನಲ್ಲೇ ಅರ್ಧ ಅನ್ನೋ ಅರ್ಥ ಇದೆ. ಭೂಮಿ ಧಣಿಯದು, ದುಡಿಮೆ ರೈತನ ಕುಟುಂಬದ್ದು, ಬೆಳೆ ಅರ್ಧ-ಅರ್ಧ. ನಮ್ಮ ಕಡೆ ವಾರಕ್ಕೆ ಮಾಡೋದು ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ಆದ್ರೆ ಒಂದು ವ್ಯತ್ಯಾಸ ಇತ್ತು. ನಮ್ಮಲ್ಲಿ ಮನೆಗಳೆಲ್ಲ ಊರೊಳಗೆ ಒತ್ತಾಗಿರ್ತವೆ, ಹೊಲ ಸುತ್ತ ಇರುತ್ತೆ. ಅಲ್ಲಿ ರೈತನ ಕುಟುಂಬ ಸಾಗುವಳಿ ಮಾಡೋ ಜಮೀನಿನಲ್ಲೇ ವಾಸ ಇರಬೇಕು. ಪ್ರತಿ ಜಮೀನಿಗೂ ಅದರದೇ ಕಲ್ಲಿನ ಮನೆ, ಕೊಟ್ಟಿಗೆ, ಕಣ. ಹೀಗಾಗಿ ಗುಡ್ಡಗುಡ್ಡಕ್ಕೂ ಮನೆ ಆಯ್ತು, ಮನೆಮನೆಗೂ ದಾರಿ ಬೇಕಾಯ್ತು. ದ್ರಾಕ್ಷಿ, ಆಲಿವ್, ಗೋಧಿ ತುಂಬಿದ ಎತ್ತಿನ ಗಾಡಿ ಧಣಿಯ ಉಗ್ರಾಣಕ್ಕೆ ಹೋಗಬೇಕು. ಧಣಿಯ ಪಾರುಪತ್ಯಗಾರ ಕುದುರೆ ಮೇಲೆ ಬಂದು ಫಸಲಿನ ಲೆಕ್ಕ ನೋಡಬೇಕು. ಇವತ್ತು ನಕ್ಷೆಯಲ್ಲಿ ಬಲೆಯ ಹಾಗೆ ಕಾಣೋ ಬಿಳಿ ದಾರಿಗಳಲ್ಲಿ ಎಷ್ಟೋ ಹುಟ್ಟಿದ್ದು ಈ ಲೆಕ್ಕಾಚಾರದಲ್ಲಿ.

ಜಲ್ಲಿ ದಾರಿ ಒಂದ್ಸಲ ಹಾಕಿ ಮರೆಯೋ ವಸ್ತು ಅಲ್ಲ. ಮಗ್ಗುಲಲ್ಲಿ ನೀರು ಹರಿದುಹೋಗೋಕೆ ಜಾಗ ಇಲ್ಲದಿದ್ರೆ ಒಂದೇ ಮಳೆಗಾಲಕ್ಕೆ ಕೊರಕಲು ಬೀಳುತ್ತೆ. ಸಿಯೆನಾದ ದಕ್ಷಿಣಕ್ಕಂತೂ ಬರೀ ಜೇಡಿಮಣ್ಣಿನ ದಿಬ್ಬಗಳು. ಧಣಿ-ರೈತರ ಕರಾರಿನಲ್ಲಿ ಉಳುಮೆ, ಬಿತ್ತನೆ ಮಾತ್ರ ಅಲ್ಲ, ಕಾಲುವೆ ತೋಡೋದು, ಗಿಡ ನೆಡೋದು ಕೂಡ ಬರೆದಿರ್ತಿತ್ತು. ಮನೆಯಲ್ಲಿ ಮದುವೆ ಮಾಡಬೇಕು ಅಂದ್ರೂ ಧಣಿಯ ಒಪ್ಪಿಗೆ ಕೇಳಬೇಕಾದ ಕರಾರುಗಳಿದ್ದವು. ಮನೆಗೆ ಎಷ್ಟು ಆಳು ಸೇರಿದ್ರು, ಎಷ್ಟು ಹೊಟ್ಟೆ ಹೆಚ್ಚಾಯ್ತು ಅನ್ನೋದು ಅವನ ಪಾಲಿಗೂ ಸಂಬಂಧಪಟ್ಟ ವಿಷಯ ತಾನೆ. ಪೋಸ್ಟ್‌ಕಾರ್ಡಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಕಾಣೋ ಗುಡ್ಡಗಳ ಹಿಂದೆ ಇಷ್ಟು ಬೆವರಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ರೈತರು ಅರ್ಧ ಪಾಲು ಸಾಲದು ಅಂತ ಹೋರಾಟಕ್ಕಿಳಿದರು. ಪ್ರಧಾನಿ ದೆ ಗಾಸ್ಪೆರಿ ಮಧ್ಯಸ್ಥಿಕೆ ವಹಿಸಿ ರೈತನ ಪಾಲನ್ನ ಶೇಕಡ 53ಕ್ಕೆ ಏರಿಸಿದರು. 1964ರ ಸೆಪ್ಟೆಂಬರ್ 15ರ ಕಾನೂನು ಅದನ್ನ ಶೇಕಡ 58 ಮಾಡಿ, ಇನ್ಮುಂದೆ ಹೊಸ ಮೆತ್ಸಾದ್ರಿಯಾ ಕರಾರು ಮಾಡೋ ಹಾಗಿಲ್ಲ ಅಂತು. ಆದ್ರೆ ಕಾನೂನು ಬರೋ ಹೊತ್ತಿಗೆ ಜನ ಹೊರಟಾಗಿತ್ತು. ಕಾರ್ಖಾನೆ ಸಂಬಳ, ಕರೆಂಟು, ನಲ್ಲಿ ನೀರು, ಮಕ್ಕಳ ಸ್ಕೂಲು, ಎಲ್ಲ ಪೇಟೆಯಲ್ಲಿತ್ತು. ಅದೇ 1964ರ ಅಕ್ಟೋಬರ್ 4ಕ್ಕೆ ಮಿಲಾನಿನಿಂದ ನೇಪಲ್ಸಿನವರೆಗಿನ ಹೆದ್ದಾರಿ 'ಔತೋಸ್ತ್ರಾದಾ ದೆಲ್ ಸೋಲೆ' ಪೂರ್ತಿಯಾಗಿ ತೆರೆಯಿತು. ಅದು ಹಾದುಹೋಗೋದು ಟಸ್ಕನಿಯ ನಡುವೆಯೇ. ಇಟಲಿ ತುಂಬ ಡಾಂಬರು ಹಾಕೋ ಆ ಕಾಲದಲ್ಲಿ, ಖಾಲಿ ಮನೆಗೆ ಹೋಗೋ ದಾರಿಗೆ ಡಾಂಬರು ಹಾಕಿ ಅಂತ ಕೇಳೋರು ಯಾರು? ಬಿಳಿ ದಾರಿಗಳು ಅಷ್ಟೊಂದು ಉಳಿದದ್ದರ ಗುಟ್ಟು ಬಹುಪಾಲು ಇಷ್ಟೇ. ಕೇಳಬೇಕಾದವರು ಊರು ಬಿಟ್ಟಿದ್ದರು.

ಆಮೇಲೆ ಬೇರೆ ಜನ ಬಂದರು. ಪಾಳು ಬಿದ್ದ ಮನೆಗಳನ್ನ ಪೇಟೆಯವರು, ವಿದೇಶದವರು ಕೊಂಡು ಸರಿ ಮಾಡಿಸಿದರು. 1985ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆ ಅಂತಲೇ ಕಾನೂನು ಬಂತು. ಈಗ ದಾರಿಗಳಿಗೆ ಡಾಂಬರು ಬೀಳೋ ಭಯ ಹುಟ್ಟಿತು. ಕಿಯಾಂತಿ ಸೀಮೆಯ ಗಾಯೋಲೆಯಲ್ಲಿ ಜಿಯಾಂಕಾರ್ಲೊ ಬ್ರೊಚ್ಚಿ ಅನ್ನೋರು 1997ರಲ್ಲಿ 'ಎರೋಯಿಕಾ' ಅನ್ನೋ ಸೈಕಲ್ ಸವಾರಿ ಶುರು ಮಾಡಿದ್ದು ಬಿಳಿ ದಾರಿಗಳು ಉಳೀಲಿ ಅನ್ನೋ ಕಾರಣಕ್ಕೂ ಹೌದು. ಮೊದಲ ವರ್ಷ ಬಂದೋರು 92 ಜನ. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲೇ ಬೇಕು ಅನ್ನೋದು ಅಲ್ಲಿನ ನಿಯಮ. ಇವತ್ತು ಅದಕ್ಕೆ ಸಾವಿರಾರು ಜನ ಸೇರ್ತಾರೆ. 2007ರಲ್ಲಿ ಅದೇ ದಾರಿಗಳ ಮೇಲೆ ವೃತ್ತಿಪರರ ರೇಸ್ ಶುರುವಾಯ್ತು. ಅದೇ ಈಗಿನ 'ಸ್ತ್ರಾದೆ ಬಿಯಾಂಕೆ'. ಮಾರ್ಚಿನಲ್ಲಿ ನಡೆಯುತ್ತೆ, ಮುಗಿಯೋದು ಸಿಯೆನಾದ ಕಾಂಪೋ ಚೌಕದಲ್ಲಿ, ಲೊರೆಂಜೆಟ್ಟಿಯ ಚಿತ್ರ ಇರೋ ಪುರಭವನದ ಎದುರಿಗೇ. ದಾರಿ ಉಳಿಸೋ ಕೆಲಸವನ್ನ ಸೈಕಲ್ಲು ಚೆನ್ನಾಗಿಯೇ ಮಾಡಿದೆ. ಗಾಯೋಲೆಯಂಥ ಸಣ್ಣ ಊರಿನ ಹೆಸರು ಜಗತ್ತಿಗೆ ಗೊತ್ತಾಗಿದೆ.

ಎರೋಯಿಕಾದಲ್ಲಿ ದಾರಿ ಮಧ್ಯೆ ಸವಾರರಿಗೆ ರಿಬೊಲ್ಲೀತಾ ಬಡಿಸ್ತಾರೆ. ಹಳೇ ಬ್ರೆಡ್ಡು, ಹುರುಳಿ ಜಾತಿಯ ಕಾಳು, ಸೊಪ್ಪು ಹಾಕಿ ಮತ್ತೆ ಮತ್ತೆ ಕುದಿಸಿದ ಸಾರು. ಹೊಲ ಮಾಡೋರ ತಂಗಳು ಊಟ ಅದು. ಉಂಡೋರ ಮೊಮ್ಮಕ್ಕಳು ಪೇಟೆಯಲ್ಲಿದ್ದಾರೆ, ಊಟ ಮಾತ್ರ ದಾರಿಯಲ್ಲಿ ಉಳಿದಿದೆ. ರೆಸಾರ್ಟಿನಲ್ಲಿ ಮುದ್ದೆ ಉಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕತೆ ಬೇರೆ ಥರ ತಿರುಗಿತು. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯ್ತು. ಟಸ್ಕನಿಯ ರೈತನಿಗೆ ಪಾಲು ಹೆಚ್ಚಿತು, ನಮ್ಮಲ್ಲಿ ಉಳುವವನಿಗೆ ಭೂಮಿಯೇ ಕೇಳೋ ಹಕ್ಕು ಬಂತು. ಫಾರಂ 7 ಹಾಕಿ ಎರಡು ಎಕರೆ ಪಡೆದವರಲ್ಲಿ ನಮ್ಮ ತಾತನೂ ಒಬ್ಬರು. ಭೂಮಿ ಸಿಕ್ಕಿತು, ಊರಲ್ಲೇ ಉಳಿದರು. ಉಳಿದವರು ರಸ್ತೆ ಕೇಳಿದರು. ಮಳೆಗಾಲದಲ್ಲಿ ನಮ್ಮೂರಿಗೆ ಬಸ್ಸು ಬರ್ತಿರಲಿಲ್ಲ. ಹೆರಿಗೆ ನೋವು ಶುರುವಾದ ಹೆಂಗಸರನ್ನ ಗಾಡಿಯಲ್ಲಿ ಮಲಗಿಸಿ ಕೆಸರಿನಲ್ಲಿ ಎರಡು ಮೈಲಿ ಎಳೀತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಗ್ರಾಮ ಸಡಕ್ ಯೋಜನೆಯಲ್ಲಿ ಟಾರು ಬಿತ್ತು. ಹೊಸ ರಸ್ತೆಗೆ ಅವ್ವ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದಿದ್ದಳು.

ಅದಕ್ಕೇ, "ಅಯ್ಯೋ, ಇಲ್ಲೂ ಟಾರ್ ಹಾಕ್ಬಿಟ್ರಾ" ಅಂತ ಗೆಳೆಯರು ಬೇಜಾರು ಮಾಡಿಕೊಂಡಾಗ ನನಗೆ ದನಿಗೂಡಿಸೋಕೆ ಆಗಲ್ಲ. ಮಣ್ಣಿನ ದಾರಿ ನನಗೂ ಇಷ್ಟ. ಆದ್ರೆ ಟಾರು ಬಿದ್ದಿದೆ ಅಂದ್ರೆ ಆ ತುದಿಯಲ್ಲಿ ಇನ್ನೂ ಜನ ಇದ್ದಾರೆ, ಕೇಳೋ ದನಿ ಇದೆ ಅಂತ ಅರ್ಥ. ನಾವು ಉಳಿಸಿ ಅಂತ ಕೇಳೋದಾದ್ರೆ ಮನೆಗೆ ಹೋಗೋ ದಾರಿ ಬಿಟ್ಟು ನಾಲೆ ಏರಿ, ಕಾಡಂಚಿನ ಗಾಡಿ ಜಾಡು, ಹೊಳೆ ದಂಡೆಯ ಕಾಲುದಾರಿ ಕೇಳೋಣ. ಅದನ್ನೂ ಅಲ್ಲಿ ದನ ಹೊಡೆಯೋರನ್ನ, ಕಬ್ಬಿನ ಗಾಡಿ ಓಡಿಸೋರನ್ನ ಕೇಳಿ ಆಮೇಲೆ ಕೇಳೋಣ. ಮುಂದಿನ ಭಾನುವಾರ ಎದುರಿಗೆ ಗಾಡಿ ಬಂದ್ರೆ ಸೈಕಲ್ ಇಳಿದು ಪಕ್ಕಕ್ಕೆ ನಿಲ್ಲಿ. ದಾರಿ ಅವರದು.