ಎಂಜಿಬಿ: ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಹತ್ತಿರದ ಅಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಎಂಜಿಬಿ. ಈ ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಾಡಿಗಳು ಕಾರ್ಖಾನೆಯಿಂದ ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕ ಸೇರಿದವು. ಸಂಖ್ಯೆ ಇಷ್ಟು ದೊಡ್ಡದಾದ್ದರಿಂದಲೇ ಇಂದಿಗೂ ಬ್ರಿಟನ್ ಮತ್ತು ಅಮೆರಿಕದ ಮಾರುಕಟ್ಟೆಯಲ್ಲಿ ಒಳ್ಳೆಯ ಎಂಜಿಬಿ ಸಿಗುತ್ತದೆ, ಬಿಡಿಭಾಗಗಳಿಗೂ ಕೊರತೆಯಿಲ್ಲ. ಮಾಮೂಲಿ ಸ್ಪ್ಯಾನರ್ ಹಿಡಿಯಬಲ್ಲವರು ಮನೆಯಂಗಳದಲ್ಲೇ ಇದರ ಬಹುತೇಕ ಕೆಲಸ ಮಾಡಿಕೊಳ್ಳಬಹುದು. ಮೊದಲ ಬಾರಿಗೆ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ಇದಕ್ಕಿಂತ ಸೂಕ್ತವಾದ ಗಾಡಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ನೋಡುವುದು ಬಣ್ಣ, ಸೀಟು, ಇಂಜಿನ್ನಿನ ಸದ್ದು. ಇವೆಲ್ಲವೂ ದುಡ್ಡು ಕೊಟ್ಟರೆ ಸರಿಯಾಗುವಂಥವು. ಗಾಡಿಯ ನಿಜವಾದ ಬೆಲೆ ಇರುವುದು ಅದರ ಬಾಡಿಯಲ್ಲಿ, ಅದರಲ್ಲೂ ಕಣ್ಣಿಗೆ ಬೀಳದ ತಳಭಾಗದಲ್ಲಿ.

ಹುಟ್ಟು ಮತ್ತು ಬದಲಾವಣೆಗಳು

ಎಂಜಿಎ ಎಂಬ ಹಿಂದಿನ ಮಾದರಿಯ ಜಾಗಕ್ಕೆ ಬಂದದ್ದು ಎಂಜಿಬಿ. ಸಿಡ್ ಎನೆವರ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಗಡುಗಳನ್ನು ಒತ್ತಿ, ಬೆಸುಗೆ ಹಾಕಿ ಮಾಡಿದ ಬಾಡಿಯೇ ಇಡೀ ಭಾರ ಹೊರುತ್ತದೆ. ಇಂಜಿನ್ 1798 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 95 ಅಶ್ವಶಕ್ತಿ. ಗಂಟೆಗೆ ನೂರು ಮೈಲಿಯನ್ನು ಸ್ವಲ್ಪ ದಾಟುವ ವೇಗ ಆ ಕಾಲಕ್ಕೆ ಕಡಿಮೆಯದೇನಲ್ಲ.

ಮೊದಲ ಗಾಡಿಗಳ ಕ್ರ್ಯಾಂಕ್ ಶಾಫ್ಟಿಗೆ ಮೂರು ಮೇನ್ ಬೇರಿಂಗ್. 1964ರ ಕೊನೆಗೆ ಅದು ಐದಾಯಿತು, ಇಂಜಿನ್ ಇನ್ನಷ್ಟು ಗಟ್ಟಿಯಾಯಿತು. 1965ರಲ್ಲಿ ಗಟ್ಟಿ ಮಾಡು, ಹಿಂದೆ ಮೇಲಕ್ಕೆತ್ತುವ ಬಾಗಿಲು ಇರುವ ಜಿಟಿ ಬಂತು. ಅದರ ವಿನ್ಯಾಸದಲ್ಲಿ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಕೈಯಿದೆ. 1967ರ ಬದಲಾವಣೆಯಲ್ಲಿ ಮುಂದಕ್ಕೆ ಓಡಿಸುವ ಎಲ್ಲ ಗೇರುಗಳಿಗೂ ಸಿಂಕ್ರೊಮೆಶ್ ಸೇರಿತು, ಡೈನಮೊ ಹೋಗಿ ಆಲ್ಟರ್ನೇಟರ್ ಬಂತು.

1974ರ ಕೊನೆಯಲ್ಲಿ ಆದದ್ದು ಎಲ್ಲರ ಕಣ್ಣಿಗೂ ಬೀಳುವ ಬದಲಾವಣೆ. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದಿಕೊಳ್ಳಲು ಕ್ರೋಮ್ ಬಂಪರ್ ತೆಗೆದು ದಪ್ಪನೆಯ ಕಪ್ಪು ಬಂಪರ್ ಹಾಕಿದರು, ಗಾಡಿಯನ್ನು ಸುಮಾರು ಒಂದೂವರೆ ಇಂಚು ಎತ್ತರಿಸಿದರು. ಇದರಿಂದ ತಿರುವುಗಳಲ್ಲಿ ಗಾಡಿ ವಾಲತೊಡಗಿತು. 1976ರಲ್ಲಿ ಮಾಡಿದ ತಿದ್ದುಪಡಿಯ ನಂತರ ಇದು ಬಹುಮಟ್ಟಿಗೆ ಸುಧಾರಿಸಿತು. ಕ್ರೋಮ್ ಬಂಪರಿನ ಗಾಡಿಗೆ ಇಂದಿಗೂ ಹೆಚ್ಚಿನ ಬೆಲೆ. ಆರು ಸಿಲಿಂಡರಿನ ಎಂಜಿಸಿ, 1973ರಿಂದ 76ರವರೆಗೆ ಕೇವಲ ಎರಡೂವರೆ ಸಾವಿರದಷ್ಟು ತಯಾರಾದ ಜಿಟಿ ವಿ8 ಎಂಬ ಸೋದರ ಮಾದರಿಗಳೂ ಇವೆ. ಅವು ಸಂಗ್ರಹಕಾರರ ಗಾಡಿಗಳು, ಬೆಲೆಯ ಲೆಕ್ಕವೇ ಬೇರೆ.

ಮೊದಲು ನೋಡಬೇಕಾದದ್ದು ತುಕ್ಕು

ಬಾಗಿಲು ತೆರೆದರೆ ಕಾಲಿಡುವ ಜಾಗದ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಸಾಗುವ ಪೆಟ್ಟಿಗೆಯಾಕಾರದ ಭಾಗಕ್ಕೆ ಸಿಲ್ ಎನ್ನುತ್ತಾರೆ. ಎಂಜಿಬಿಯ ಸಿಲ್ ಒಂದೇ ತಗಡಲ್ಲ. ಹೊರಗಿನದೊಂದು, ಒಳಗಿನದೊಂದು, ನಡುವೆ ಪರದೆಯಂತೆ ನಿಂತ ಮತ್ತೊಂದು, ಕೆಳಗೆ ಅವನ್ನೆಲ್ಲ ಕಟ್ಟಿ ಹಿಡಿಯುವ ಇನ್ನೊಂದು. ಗಟ್ಟಿ ಮಾಡು ಇಲ್ಲದ ರೋಡ್‌ಸ್ಟರ್‌ನಲ್ಲಿ ಗಾಡಿ ನಡುವೆ ಬಾಗದಂತೆ ತಡೆಯುವುದು ಮುಖ್ಯವಾಗಿ ಇವೇ. ಮುಂದಿನ ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಹಿಂದಿನ ಮೂಲೆಯಲ್ಲಿ ಸೇರಿ, ಒದ್ದೆಯಾಗಿಯೇ ಉಳಿದು, ಸಿಲ್ಲನ್ನು ಒಳಗಿನಿಂದ ತಿನ್ನುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಈ ಕೆಲಸ ಇನ್ನೂ ಬೇಗ ಆಗುತ್ತದೆ.

ಇದನ್ನು ಪತ್ತೆ ಹಚ್ಚುವುದಕ್ಕೆ ಹಣ ಖರ್ಚಿಲ್ಲ. ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ. ಅದು ಒಂದೇ ಅಗಲಕ್ಕೆ ಇರಬೇಕು. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು, ಪಕ್ಕದಲ್ಲಿರುವ ಜ್ಯಾಕ್ ಕೊಡುವ ಜಾಗಕ್ಕೆ ಜ್ಯಾಕ್ ಕೊಟ್ಟು ಗಾಡಿಯನ್ನು ನಿಧಾನವಾಗಿ ಎತ್ತಿಸಿ. ಎತ್ತಿದಾಗ ಆ ಸಂದು ಕಿರಿದಾದರೆ, ಬಾಗಿಲು ಉಜ್ಜಿದರೆ ಅಥವಾ ಹಾಕಲು ಬಿಗಿಯಾದರೆ ಒಳಗಿನ ತಗಡು ಸೋತಿದೆ ಎಂದೇ ಅರ್ಥ. ಜ್ಯಾಕ್ ಕೊಡುವ ಜಾಗವನ್ನು ಮುಟ್ಟಬೇಡಿ ಎಂದು ಮಾಲೀಕರು ಹೇಳಿದರೆ ಅದೂ ಒಂದು ಉತ್ತರವೇ.

ಸಿಲ್ ಬದಲಿಸಿದ ಗಾಡಿ ಎಂದರೆ ಹೆದರಬೇಕಾಗಿಲ್ಲ. ಇಷ್ಟು ವಯಸ್ಸಾದ ಎಂಜಿಬಿಗಳಲ್ಲಿ ಬದಲಿಸದಿರುವುದೇ ಅಪರೂಪ. ಹೇಗೆ ಬದಲಿಸಿದ್ದಾರೆ ಎಂಬುದಷ್ಟೇ ಮುಖ್ಯ. ಸಿಲ್ಲಿನ ಎರಡು ತುದಿಗಳೂ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಕೆಳಗೆ ಮರೆಯಾಗಿರುತ್ತವೆ. ಸರಿಯಾಗಿ ಕೆಲಸ ಮಾಡುವವರು ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಹಿಂದಿನದರ ಕೆಳಭಾಗವನ್ನು ಕತ್ತರಿಸಿ, ಹೊಸ ಸಿಲ್ಲನ್ನು ಪೂರ್ತಿ ಉದ್ದಕ್ಕೆ ಬೆಸೆದು ಮತ್ತೆ ಮುಚ್ಚುತ್ತಾರೆ. ಅರ್ಧ ಕೆಲಸ ಮಾಡುವವರು ಕಾಣುವಷ್ಟು ಭಾಗಕ್ಕೆ ಹೊಸ ತಗಡು ಹೊದಿಸಿ ಬಣ್ಣ ಬಳಿಯುತ್ತಾರೆ. ಕೆಲಸ ನಡೆಯುವಾಗ ತೆಗೆದ ಫೋಟೊಗಳಿದ್ದರೆ ಅವನ್ನು ಕೇಳಿ ನೋಡಿ. ಅವು ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆಬಾಳುತ್ತವೆ.

ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಮಡ್‌ಗಾರ್ಡಿನ ಅಂಚು, ಬಾಗಿಲ ಕೆಳಭಾಗ, ಹೆಡ್‌ಲೈಟಿನ ಸುತ್ತ ಸರಿಸಿ ನೋಡಿ. ಹಿಡಿಯದಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಇದೆ. ಬಾಗಿಲಿನ ಕಿಟಕಿಯ ಮುಂದಿನ ಮೂಲೆಯಲ್ಲಿರುವ ಸಣ್ಣ ತ್ರಿಕೋನ ಗಾಜಿನ ಬುಡದಲ್ಲಿ ಬಾಗಿಲ ತಗಡು ಬಿರುಕು ಬಿಡುವುದು ಈ ಮಾದರಿಯ ಹಳೆಯ ಕಾಯಿಲೆ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಬ್ಯಾಟರಿ ಇಡುವ ಪೆಟ್ಟಿಗೆಯನ್ನೂ ನೋಡಿ. ಆಸಿಡ್ ಚೆಲ್ಲಿ ಅದು ಕೊಳೆತಿರುವುದು ಸಾಮಾನ್ಯ.

ಬಾಡಿ ಪೂರ್ತಿ ಹೋಗಿದ್ದರೂ ದಾರಿಯಿದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಎಂಜಿಬಿ ಬಾಡಿಗಳನ್ನು ತಯಾರಿಸಿದೆ. ಅಂಥ ಬಾಡಿ ಹಾಕಿದ ಗಾಡಿ ಸಿಕ್ಕರೆ, ಬಿಲ್ಲು ಇದ್ದರೆ, ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಂಜಿನ್ ಮತ್ತು ಗೇರ್

ಗಾಡಿ ನೋಡಲು ಹೋದ ಕೂಡಲೇ ಬಾನೆಟ್ ಎತ್ತಿಸಿ ಇಂಜಿನ್ ಮೇಲೆ ಕೈಯಿಡಿ. ತಣ್ಣಗಿರಬೇಕು. ಬಿಸಿಯಾಗಿದ್ದರೆ ನೀವು ಬರುವ ಮುನ್ನವೇ ಯಾರೋ ಸ್ಟಾರ್ಟ್ ಮಾಡಿದ್ದಾರೆ, ತಣ್ಣಗಿದ್ದಾಗ ಬರುವ ಹೊಗೆ ಮತ್ತು ಸದ್ದು ನಿಮಗೆ ಸಿಗುವುದಿಲ್ಲ. ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿ. ಹಾಲುಬಣ್ಣದ ಜಿಡ್ಡು ದಪ್ಪಗೆ ಕಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಮೂಲಕ ನೀರು ಸೇರುತ್ತಿರಬಹುದು.

ಇಗ್ನಿಷನ್ ಕೀ ತಿರುಗಿಸಿದಾಗ ಗಾಡಿಯ ಹಿಂಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಅದು ಎಸ್‌ಯು ಪೆಟ್ರೋಲ್ ಪಂಪು. ಕಾರ್ಬ್ಯುರೇಟರ್ ತುಂಬುತ್ತಿದ್ದಂತೆ ಸದ್ದು ನಿಧಾನವಾಗಿ ನಿಂತುಹೋಗಬೇಕು. ಇಂಜಿನ್ ಸ್ಟಾರ್ಟ್ ಮಾಡದೆಯೂ ಟಿಕ್ಕೆನ್ನುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನ ವಾಲ್ವ್ ಸೋತಿದೆ.

ಇಂಜಿನ್ ಚೆನ್ನಾಗಿ ಕಾದ ಮೇಲೆ, ಓಡುವಾಗ ಆಯಿಲ್ ಒತ್ತಡ 50 ಪಿಎಸ್‌ಐಗಿಂತ ಮೇಲಿರಬೇಕು. ನಿಂತಾಗ 15ಕ್ಕಿಂತ ಕೆಳಗಿಳಿಯಬಾರದು. ಇಷ್ಟಿದ್ದರೆ ಇಂಜಿನ್ನಿನ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇದು ಎರಕದ ಕಬ್ಬಿಣದ ಗಟ್ಟಿಮುಟ್ಟಾದ ಇಂಜಿನ್. ಸ್ವಲ್ಪ ಆಯಿಲ್ ತೊಟ್ಟಿಕ್ಕುವುದು ಇದರ ಗುಣವೇ ಹೊರತು ದೋಷವಲ್ಲ. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದಾರೆಯೇ ಎಂದು ಮಾತ್ರ ವಿಚಾರಿಸಿ.

ಗೇರ್ ಬಾಕ್ಸಿನಲ್ಲಿ ಮೊದಲು ಸವೆಯುವುದು ಎರಡನೇ ಗೇರಿನ ಸಿಂಕ್ರೊಮೆಶ್. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಚೌಕಾಸಿಗೆ ಕಾರಣ ಸಿಕ್ಕಿತು. ಓವರ್‌ಡ್ರೈವ್ ಇದ್ದರೆ ತಪ್ಪದೆ ಪರೀಕ್ಷಿಸಿ. ಗಂಟೆಗೆ 70 ಮೈಲಿ ವೇಗದಲ್ಲಿ ಸ್ವಿಚ್ ಒತ್ತಿದರೆ ಇಂಜಿನ್ನಿನ ಸುತ್ತು ನಿಮಿಷಕ್ಕೆ ಸುಮಾರು 3,900ರಿಂದ 3,200ಕ್ಕೆ ಇಳಿಯಬೇಕು. ಹೆದ್ದಾರಿಯಲ್ಲಿ ದೂರ ಓಡಿಸುವವರಿಗೆ ಓವರ್‌ಡ್ರೈವ್ ಇಲ್ಲದ ಗಾಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಚಕ್ರ, ಸ್ಟಿಯರಿಂಗ್, ವೈರಿಂಗ್

ಮುಂದಿನ ಕಿಂಗ್‌ಪಿನ್‌ಗಳಿಗೆ 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು. ಹಳೆಯ ಮಾಲೀಕರು ಇದೊಂದು ಕೆಲಸವನ್ನು ನಿಯಮವಾಗಿ ಮಾಡಿದ್ದಾರೆಯೇ ಎಂದು ನೋಡಿದರೆ ಗಾಡಿಯನ್ನು ಹೇಗೆ ಸಾಕಿದ್ದಾರೆ ಎಂಬುದು ತಿಳಿಯುತ್ತದೆ. ಗ್ರೀಸ್ ನಿಪ್ಪಲ್ಲುಗಳ ಸುತ್ತ ಹೊಸ ಗ್ರೀಸ್ ಇದೆಯೋ ಒಣಗಿದ ಮಣ್ಣಿದೆಯೋ ಬಗ್ಗಿ ನೋಡಿ.

ಕಡ್ಡಿ ಚಕ್ರಗಳು ನೋಡಲು ಚೆಂದ, ಆದರೆ ಹಬ್ಬಿನ ಹಲ್ಲುಗಳು ಸವೆಯುತ್ತವೆ. ಗಾಡಿ ಹೊರಡುವಾಗ, ಬ್ರೇಕ್ ಹಿಡಿದಾಗ ಟಕ್ ಎಂಬ ಸದ್ದು ಬಂದರೆ ಸಂಶಯಿಸಿ. ಚಕ್ರ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಕೈಯಿಂದ ತಿರುಗಿಸಿದರೆ ಚಕ್ರ ಅಲುಗಬಾರದು.

1967ಕ್ಕಿಂತ ಮೊದಲಿನ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಇದು ಗೊತ್ತಿಲ್ಲದೆ ಈಗಿನ ರೇಡಿಯೊ, ಚಾರ್ಜರ್ ಸೇರಿಸಿದರೆ ಸುಟ್ಟುಹೋಗುತ್ತವೆ.

ಕಾಗದಪತ್ರಗಳು

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಹೆಚ್ಚು ಮಾರ್ಪಾಡಾಗದ ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಈಗ ಎಲ್ಲ ಎಂಜಿಬಿಗಳೂ ಈ ವಯಸ್ಸು ದಾಟಿವೆ. ರಸ್ತೆ ತೆರಿಗೆಯ ವಿನಾಯಿತಿಗೂ ಅರ್ಹವಾಗಿವೆ. ಮಾಲೀಕರಿಗೆ ಇದು ಅನುಕೂಲ, ಕೊಳ್ಳುವವರಿಗೆ ಅಪಾಯ. ವರ್ಷಗಟ್ಟಲೆ ಯಾರೂ ಗಾಡಿಯ ಕೆಳಗೆ ಬಗ್ಗಿ ನೋಡದೆಯೇ ಅದು ರಸ್ತೆಯಲ್ಲಿರಬಹುದು. ಕಡ್ಡಾಯವಿಲ್ಲದಿದ್ದರೂ ಪ್ರತಿ ವರ್ಷ ತಪಾಸಣೆ ಮಾಡಿಸಿದ ಮಾಲೀಕರನ್ನು ನಂಬಿ. ಹಿಂದಿನ ತಪಾಸಣೆಗಳ ಫಲಿತಾಂಶ ಸರ್ಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಸಿಗುತ್ತದೆ. ಯಾವ ವರ್ಷ ತುಕ್ಕಿನ ಎಚ್ಚರಿಕೆ ಬಂತು, ಮರುವರ್ಷ ಅದು ಹೇಗೆ ಮಾಯವಾಯಿತು ಎಂಬುದನ್ನು ಬಿಲ್ಲುಗಳ ಜೊತೆ ಹೋಲಿಸಿ ನೋಡಿ.

ಗಾಡಿ ತಯಾರಾದ ದಿನಾಂಕ, ಮೂಲ ಬಣ್ಣ, ಮೊದಲು ಯಾವ ಮಾರುಕಟ್ಟೆಗೆ ಹೋಯಿತು ಎಂಬ ವಿವರಗಳ ಪ್ರಮಾಣಪತ್ರವನ್ನು ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಶುಲ್ಕ ಪಡೆದು ಕೊಡುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಕ್ಯಾಲಿಫೋರ್ನಿಯ, ಅರಿಜೋನದಂಥ ಒಣಹವೆಯ ರಾಜ್ಯಗಳ ಗಾಡಿಗಳಲ್ಲಿ ತುಕ್ಕು ಕಡಿಮೆ. ಆದರೆ ಕ್ಯಾಲಿಫೋರ್ನಿಯದಲ್ಲಿ 1975ರ ಮಾದರಿಯವರೆಗೆ ಮಾತ್ರ ಹೊಗೆ ತಪಾಸಣೆಯಿಂದ ವಿನಾಯಿತಿ. ಆನಂತರದ ಎಂಜಿಬಿಯಲ್ಲಿ ಮಾಲಿನ್ಯ ನಿಯಂತ್ರಣದ ಭಾಗಗಳನ್ನು ಯಾರಾದರೂ ಕಿತ್ತುಹಾಕಿದ್ದರೆ ನೋಂದಣಿಯೇ ಕಷ್ಟವಾಗುತ್ತದೆ. ಕೊನೆಯ ವರ್ಷಗಳ ಅಮೆರಿಕನ್ ಗಾಡಿಗಳ ಶಕ್ತಿಯೂ ಬಹಳ ಇಳಿದಿತ್ತು.

ನಿಂತ ಗಾಡಿಯೋ, ಓಡಿದ ಗಾಡಿಯೋ

ಕಡಿಮೆ ಓಡಿದೆ, ಇಪ್ಪತ್ತು ವರ್ಷ ಶೆಡ್ಡಿನಲ್ಲೇ ಇತ್ತು ಎಂಬ ಮಾತಿಗೆ ಮರುಳಾಗುವವರು ಬಹಳ. ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರುಗಳು ಜಾಮ್ ಆಗುತ್ತವೆ, ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಪೈಪು ಬಿರಿಯುತ್ತದೆ, ಆಯಿಲ್ ಸೀಲುಗಳು ಒಣಗುತ್ತವೆ. ಹೆಚ್ಚು ಓಡಿದ್ದರೂ ಪ್ರತಿ ವಾರ ರಸ್ತೆಗಿಳಿಯುವ, ಬಿಲ್ಲುಗಳ ದಪ್ಪ ಕಡತವಿರುವ ಗಾಡಿಯೇ ಮೇಲು. ಟೈರಿನ ಹಲ್ಲು ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ, ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯ ಸಂಖ್ಯೆಯಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಹತ್ತು ವರ್ಷ ದಾಟಿದ ಟೈರನ್ನು ಬದಲಿಸಲೇಬೇಕು.

ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇದೆ, ಭಾರತದಲ್ಲಿ ಶೇ. 20. ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸ ಬಗೆಯದಕ್ಕೆ ಬದಲಿಸಿದ ಬಿಲ್ಲು ಇಲ್ಲದಿದ್ದರೆ ಕೊಂಡ ಮೊದಲ ವಾರವೇ ಆ ಕೆಲಸ ಮಾಡಿಸಿ. ಬೆಂಕಿಯ ಅಪಾಯದ ಮಾತಿದು.

ಭಾರತದಲ್ಲಿ ನೋಂದಣಿ

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ವಿದೇಶದಿಂದ ತರುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲೇ ಆಮದು ನಿಯಮ ಮತ್ತು ಸುಂಕದ ಲೆಕ್ಕವನ್ನು ಬಲ್ಲವರಿಂದ ಬರಹದಲ್ಲಿ ಪಡೆಯಿರಿ.

ಯಾವುದನ್ನು ಕೊಳ್ಳಬಹುದು

ಬಿಸಿಲಿನ ದಿನಗಳಲ್ಲಿ ಮಾಡು ಇಳಿಸಿ ಹೋಗುವ ಆಸೆಯಿದ್ದವರಿಗೆ ರೋಡ್‌ಸ್ಟರ್ ಬಿಟ್ಟರೆ ಬೇರೆ ಹಿಡಿಸುವುದಿಲ್ಲ, ಅದಕ್ಕೆ ತಕ್ಕ ಬೆಲೆಯನ್ನೂ ಕೊಡಬೇಕು. ಬಜೆಟ್ ಬಿಗಿಯಾಗಿದ್ದರೆ ಕಪ್ಪು ಬಂಪರಿನ, 1976ರ ನಂತರದ ಒಳ್ಳೆಯ ಗಾಡಿಯನ್ನು ಹುಡುಕಿ. ಕೊಳೆತ ಕ್ರೋಮ್ ಬಂಪರಿಗಿಂತ ಅದು ಎಷ್ಟೋ ಪಾಲು ಮೇಲು. ನನ್ನ ಆಯ್ಕೆ ಕೇಳಿದರೆ, 1968ರಿಂದ 1974ರ ನಡುವಿನ, ಓವರ್‌ಡ್ರೈವ್ ಇರುವ, ಕ್ರೋಮ್ ಬಂಪರಿನ ಜಿಟಿ. ಗಟ್ಟಿ ಮಾಡಿನಿಂದಾಗಿ ಬಾಡಿ ಬಿಗಿಯಾಗಿರುತ್ತದೆ, ಮಳೆಗೂ ಚಳಿಗೂ ಆಗುತ್ತದೆ, ಹಿಂದೆ ಸಾಮಾನಿಗೆ ಧಾರಾಳ ಜಾಗವಿದೆ. ಇಷ್ಟೆಲ್ಲ ಇದ್ದೂ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಅದು ರೋಡ್‌ಸ್ಟರ್‌ಗಿಂತ ಅಗ್ಗ.