ಅಳತೆ ಟೇಪು, ಮಿಕ್ಕ ಬಟ್ಟೆ, ತೋಳಿಲ್ಲದ ಟಾಪು



ಕಳೆದ ಭಾನುವಾರ ಹಲಸೂರಿನಲ್ಲಿ ನಮ್ಮದೇ ಒಂದು ಸಭೆ. ಬಿಸಿಲು ಜೋರಾಗಿತ್ತು. ನಾನೇ ಹೊಲಿದ ತೋಳಿಲ್ಲದ ಲಿನನ್ ಟಾಪು ಹಾಕ್ಕೊಂಡು ಹೋಗಿದ್ದೆ. ಹಿರಿಯ ಸಂಗಾತಿಯೊಬ್ಬರು "ಚೆನ್ನಾಗಿದೆಯಲ್ಲ ಬಟ್ಟೆ" ಅಂದ್ರು. "ಮಿಕ್ಕ ಪೀಸಲ್ಲಿ ಹೊಲಿದದ್ದು ಅಣ್ಣಾ" ಅಂದೆ. ಅವರ ಮುಖ ಬದಲಾಯ್ತು. "ಮಿಕ್ಕಿದ್ದು, ಹರಿದದ್ದು ಉಟ್ಟು ಉಟ್ಟು ಸಾಕಾಗಿದೆ ಕಣಮ್ಮ ನಮಗೆ. ಬಾಬಾಸಾಹೇಬರು ಹೇಗೆ ಸೂಟು ಹಾಕ್ತಿದ್ರು ನೋಡು. ಇದಕ್ಕೆ ತೋಳೂ ಇಲ್ಲ!" ನಗ್ತಾನೇ ಹೇಳಿದ್ರು, ಆದರೆ ಮಾತಲ್ಲಿ ನೋವಿತ್ತು. ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಬರೀತಿದ್ದೀನಿ.

ಅವರ ನೋವಿಗೆ ದೊಡ್ಡ ಇತಿಹಾಸ ಇದೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಯಾರು ಏನು ಉಡಬೇಕು ಅನ್ನೋದಕ್ಕೂ ವಿಧಿ ಇದೆ. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ. ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನ, ಹಳೇ ಬಟ್ಟೆ. ಅಂದರೆ ಮಿಕ್ಕಿದ್ದನ್ನ ಉಡೋದು ಬಡತನದಿಂದ ಮಾತ್ರ ಬಂದದ್ದಲ್ಲ, ಅದನ್ನ ಬರೆದಿಟ್ಟಿದ್ರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಮತ್ತು ಸಂಗಾತಿಗಳು ಆ ಪುಸ್ತಕ ಸುಟ್ಟರು. ಅದೇ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಮಾತಾಡಿ, ಜಾತಿ ತೋರಿಸುವ ಹಾಗೆ ಸೀರೆ ಉಡೋದನ್ನ, ಆ ಭಾರದ ಒಡವೆಗಳನ್ನ ಬಿಡಿ ಅಂದರು. ಪುಸ್ತಕ ಸುಟ್ಟರೆ ಸಾಲದು, ಅದು ಮೈಮೇಲೆ ಬರೆದದ್ದನ್ನೂ ಅಳಿಸಬೇಕು ಅಂತ ಅವರಿಗೆ ಗೊತ್ತಿತ್ತು.

ಈಗ ನಮ್ಮಜ್ಜಿ ವಿಷಯ. ಕೋಲಾರದ ಕಡೆಯ ಹಳ್ಳಿಯವಳು. ಮದುವೆಯಾಗುವ ತನಕ ರವಿಕೆ ಕಂಡವಳಲ್ಲ. ಮೊದಲ ರವಿಕೆ ಹೊಲಿಸೋಕೆ ಹೋದಾಗ ಊರ ದರ್ಜಿ ಅವಳ ಮೈಗೆ ಟೇಪು ತಾಗಿಸಲಿಲ್ಲ. ದಲಿತರಿಗೆ ಎಷ್ಟೋ ಹಳ್ಳಿಗಳಲ್ಲಿ ಹೀಗೇ ನಡೀತಿತ್ತು. "ಅಳತೆ ರವಿಕೆ ತಂದು ನೆಲದ ಮೇಲಿಡು" ಅಂದನಂತೆ. ರವಿಕೆಯೇ ಇಲ್ಲದವಳು ಅಳತೆ ರವಿಕೆ ಎಲ್ಲಿಂದ ತರ್ತಾಳೆ? ದೂರ ನಿಂತು ಕಣ್ಣಲ್ಲೇ ಅಂದಾಜು ಮಾಡಿ ಹೊಲಿದುಕೊಟ್ಟ. ಭುಜದಿಂದ ಜಾರುತ್ತಿತ್ತು, ಕಂಕುಳಲ್ಲಿ ಹಿಡೀತಿತ್ತು. ತನ್ನ ಮೈಗೆ ಕೂರುವ ರವಿಕೆ ಅವಳು ತೊಟ್ಟದ್ದು ಹಲಸೂರಿಗೆ ಬಂದ ಮೇಲೆ.

ಹಲಸೂರು ಯಾಕೆ ಬೇರೆ ಆಯ್ತು? ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದರು. ದಂಡಿನ ಜೊತೆ ದರ್ಜಿ, ದೋಬಿ, ಅಡುಗೆಯವರು, ಕುದುರೆ ನೋಡುವವರು ಎಲ್ಲ ಬಂದರು. ಕೆರೆ ದಂಡೆಯಲ್ಲಿ ಇವತ್ತಿಗೂ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಆ ಕಾಲದಲ್ಲಿ ತಮಿಳು ಸೀಮೆಯ ಪರೈಯರ್ ಸಿಪಾಯಿಗಳು ಬಹಳ ಮಂದಿ ಇದ್ದರು. ಊರಲ್ಲಿ ಅಂಗಿ ತೊಟ್ಟರೆ ಹೊಡೆಸಿಕೊಳ್ಳುವ ಜನಕ್ಕೆ ಇಲ್ಲಿ ಗುಂಡಿಯಿರುವ ಕೋಟು, ಕಾಲಿಗೆ ಬೂಟು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರೂ ಸೈನ್ಯದ ಸುಬೇದಾರರೇ. ಬ್ರಿಟಿಷರನ್ನ ಹೊಗಳ್ತಿಲ್ಲ, ಹತ್ತೊಂಬತ್ತನೇ ಶತಮಾನದ ಕೊನೆಗೆ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದವರೂ ಅವರೇ. ಆದರೆ ಒಂದು ಸಲ ಮೈಗೆ ಸರಿಯಾದ ಬಟ್ಟೆ ತೊಟ್ಟವರು ಹಳೇ ಬಟ್ಟೆಗೆ ಕೈಚಾಚಲಿಲ್ಲ.

ಇನ್ನು ತೋಳಿನ ಮಾತು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಹೊಡೆದಾಡಿದರು. ಬೀದಿಯಲ್ಲಿ ಅವರ ಕುಪ್ಪಸ ಹರಿದರು, ಮನೆ ಸುಟ್ಟರು. 1859ರ ಜುಲೈ 26ರಂದು ರಾಜ ಆಜ್ಞೆ ಹೊರಡಿಸಿದ. ಅದರಲ್ಲೂ ಒಂದು ಕೊಕ್ಕೆ: ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಥರ ಅಲ್ಲ! ಬಟ್ಟೆ ಎಷ್ಟಿರಬೇಕು ಅನ್ನೋದರ ಹಿಂದೆ, ಅದನ್ನ ತೀರ್ಮಾನ ಮಾಡೋರು ಯಾರು ಅನ್ನೋ ಜಗಳ ಇತ್ತು. ಅಂದು ಮುಚ್ಚಬೇಡ ಅಂದವರಿಗೂ ಇಂದು ತೋಳು ಮುಚ್ಚು ಅನ್ನೋರಿಗೂ ನನ್ನ ಉತ್ತರ ಒಂದೇ: ಮೈ ನನ್ನದು.

ನನ್ನ ಚಿಕ್ಕಮ್ಮ ಹದಿನೆಂಟು ವರ್ಷ ಗಾರ್ಮೆಂಟ್ಸಲ್ಲಿ ದುಡಿದಳು. ದಿನಕ್ಕೆ ನೂರಾರು ತೋಳು ಜೋಡಿಸ್ತಿದ್ದಳು. ಸಂಜೆ ಗೇಟಲ್ಲಿ ಬ್ಯಾಗ್ ತಡಕಾಡಿ ಬಿಡೋರು, ಒಂದು ಚೂರು ಬಟ್ಟೆ ಹೊರಗೆ ಬರೋ ಹಾಗಿರಲಿಲ್ಲ. ಆ ಚೂರುಗಳೆಲ್ಲ ಕಿಲೋ ಲೆಕ್ಕದಲ್ಲಿ ಮಾರಾಟ ಆಗ್ತಿದ್ವು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಡಿದಿಡುವ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಾಗ ಅವಳೂ ಇದ್ದಳು. ಎರಡನೇ ದಿನಕ್ಕೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಊರಿಗೆಲ್ಲ ಬಟ್ಟೆ ಹೊಲಿಯೋರಿಗೆ ತಮ್ಮ ದುಡಿಮೆಯಲ್ಲಿ ಮಿಕ್ಕಿದ್ದರ ಮೇಲೂ ಹಕ್ಕಿಲ್ಲ ಅನ್ನೋದನ್ನ ನಾನು ಕಲಿತದ್ದು ಅವಳಿಂದ. ಹೊಲಿಗೆ ಕಲಿತದ್ದೂ ಅವಳಿಂದಲೇ.

ಈ ಟಾಪಿನ ಲೆಕ್ಕ ಹೇಳ್ತೀನಿ. ಅಣ್ಣನ ಮದುವೆಗೆ ಅಪ್ಪನಿಗೂ ಅವನಿಗೂ ಶರ್ಟು ಹೊಲಿಸೋಕೆ ನಾವೇ ದುಡ್ಡು ಕೊಟ್ಟು ತಂದ ಲಿನನ್. ಅದರಲ್ಲಿ ಮಿಕ್ಕಿದ್ದು 70 ಸೆಂಟಿಮೀಟರ್, ಅಗಲ 58 ಇಂಚು. ತೋಳಿಗೆ ಸಾಲದು. ಆದರೆ ಮುಂಭಾಗ, ಹಿಂಭಾಗ ಪಕ್ಕಪಕ್ಕ ಇಟ್ಟು ಕತ್ತರಿಸಿದರೆ ತೋಳಿಲ್ಲದ ಟಾಪಿಗೆ ಸಾಕು, ಪಟ್ಟಿಗೂ ಉಳಿಯುತ್ತೆ. ಲಿನನ್ ಅಗಸೆ ನಾರಿನ ಬಟ್ಟೆ. ಬೆವರು ಹೀರುತ್ತೆ, ಬೇಗ ಒಣಗುತ್ತೆ. ತೊಳೆದರೆ ಕುಗ್ಗುತ್ತೆ, ಅದಕ್ಕೇ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಕತ್ತರಿಸಬೇಕು. ಅಂಚು ನೂಲು ಬಿಡುತ್ತೆ, ಅದಕ್ಕೆ ಮಗ್ಗುಲ ಹೊಲಿಗೆಯನ್ನ ಒಳಗೆ ಮಡಚಿ ಎರಡು ಸಲ ಹಾಕಬೇಕು. ಕಂಕುಳ ಸುತ್ತಿಗೆ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಆಗಬೇಕು, ನೇರ ಪಟ್ಟಿ ಅಲ್ಲಿ ತಿರುಗಲ್ಲ. ಅಳತೆ ತೆಗೆದವಳು ಚಿಕ್ಕಮ್ಮ. ಟೇಪು ಎದೆ ಸುತ್ತ ತಂದು, ಎರಡು ಬೆರಳು ಒಳಗೆ ತೂರಿಸಿ "ಉಸಿರಾಡೋಕೆ ಜಾಗ ಬೇಕು ಕಣೇ" ಅಂದಳು. ಅಜ್ಜಿಯ ನೆನಪಾಯ್ತು.

ಅಣ್ಣಾ, ನಿಮಗೆ ನನ್ನ ಉತ್ತರ ಇಷ್ಟೇ. ಅವರು ಬಿಸಾಕಿದ್ದನ್ನ ಉಟ್ಟಿದ್ದೆವು, ಆ ಕಾಲ ಮತ್ತೆ ಬರಬಾರದು. ಅದರಲ್ಲಿ ನಾನೂ ನಿಮ್ಮ ಜೊತೆ. ಆದರೆ ಇದು ನಮ್ಮ ಮನೆಯ ಬಟ್ಟೆ, ನನ್ನ ಮೈಯಳತೆ, ನಮ್ಮವಳು ಕಲಿಸಿದ ಹೊಲಿಗೆ. ಬಾಬಾಸಾಹೇಬರ ಸೂಟೂ ಅವರ ಅಳತೆಗೇ ಹೊಲಿದದ್ದಲ್ವಾ?

ಬರೋ ಭಾನುವಾರ ಮನೆಯಲ್ಲಿ ಮಿಕ್ಕ ಪೀಸು ಇದ್ದವರು ಹಲಸೂರಿಗೆ ತನ್ನಿ. ಮಿಷನ್ ಇದೆ, ಚಿಕ್ಕಮ್ಮ ಇರ್ತಾಳೆ. ಅಳತೆ ರವಿಕೆ ತರಬೇಕಾಗಿಲ್ಲ.

ಜೈಭೀಮ್.