ಬಳಸಿದ ಕೋವಿ ಖರೀದಿ: ದಾಖಲೆ ಮತ್ತು ಸುರಕ್ಷತೆಯ ಕುರಿತು ಸಾರ್ವಜನಿಕ ಮಾಹಿತಿ

(ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅರ್ಜಿದಾರರ ಉಪಯೋಗಕ್ಕಾಗಿ)

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಗದ್ದೆ ಹಾಗೂ ತೋಟಗಳು ಕಾಡಿನ ಅಂಚಿಗೆ ಹೊಂದಿಕೊಂಡಿವೆ. ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳುವ ರೂಢಿ ಇಲ್ಲಿನ ಕೃಷಿಕರಲ್ಲಿ ಹಿಂದಿನಿಂದಲೂ ಇದೆ. ಹೊಸದನ್ನು ಕೊಳ್ಳುವ ಬದಲು ಪರಿಚಯಸ್ಥರಿಂದಲೋ ಅಧಿಕೃತ ಮಾರಾಟಗಾರರಿಂದಲೋ ಬಳಸಿದ ಕೋವಿಯನ್ನು ಪಡೆಯುವವರೂ ಇದ್ದಾರೆ. ಇಂತಹ ಖರೀದಿಯಲ್ಲಿ ಮೊದಲು ದಾಖಲೆ, ಅನಂತರ ಕೋವಿಯ ಸ್ಥಿತಿ, ಕೊನೆಗೆ ಹಣ ಪಾವತಿ ಎಂಬ ಕ್ರಮವನ್ನು ಪಾಲಿಸತಕ್ಕದ್ದು. ಕ್ರಮ ತಪ್ಪಿದಲ್ಲಿ ಹಣದ ನಷ್ಟದ ಜೊತೆಗೆ ಕ್ರಿಮಿನಲ್ ಪ್ರಕರಣವನ್ನು ಎದುರಿಸಬೇಕಾಗಬಹುದು.

2. ಖರೀದಿದಾರರ ಅರ್ಹತೆ ಮತ್ತು ಪರವಾನಗಿ

ಆಯುಧ ಅಧಿನಿಯಮ, 1959ರ ಮೇರೆಗೆ ಪರವಾನಗಿ ಇಲ್ಲದೆ ಕೋವಿಯನ್ನು ಪಡೆಯುವುದಾಗಲಿ ಇಟ್ಟುಕೊಳ್ಳುವುದಾಗಲಿ ಅಪರಾಧವಾಗಿರುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ಕೋವಿ ಹೊಂದಿದವರಿಗೆ 2 ವರ್ಷಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡ ವಿಧಿಸಬಹುದು. ಅದೇ ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬ ವ್ಯಕ್ತಿ 2ಕ್ಕಿಂತ ಹೆಚ್ಚು ಕೋವಿಗಳನ್ನು ಹೊಂದುವಂತಿಲ್ಲ. ಪರವಾನಗಿಯ ಅವಧಿ 5 ವರ್ಷ.

ಅರ್ಜಿಯನ್ನು ಆಯುಧ ನಿಯಮಗಳು, 2016ರ ನಮೂನೆ ಎ-1ರಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಪೊಲೀಸ್ ವರದಿ ಪಡೆದ ನಂತರವೇ ಅರ್ಜಿಯ ಮೇಲೆ ತೀರ್ಮಾನ ಕೈಗೊಳ್ಳಲಾಗುತ್ತದೆ. ಕಾಯ್ದೆಯ ಕಲಂ 13ರಲ್ಲಿ ನೈಜ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ, ರಕ್ಷಣೆ ಅಥವಾ ಕ್ರೀಡೆಗೆ ಕನಿಷ್ಠ 20 ಅಂಗುಲ ನಳಿಗೆಯ, ಒಳಮೈ ನುಣುಪಾದ ಕೋವಿಯನ್ನೂ ಹೆಸರಿಸಲಾಗಿದೆ. ರೈಫಲ್ ಇವೆರಡರಲ್ಲೂ ಸೇರುವುದಿಲ್ಲ. ಆದ್ದರಿಂದ ತಮ್ಮ ಪರವಾನಗಿಯಲ್ಲಿ ಯಾವ ವಿಧದ ಕೋವಿ ನಮೂದಾಗಿದೆ ಎಂಬುದನ್ನು ನೋಡಿಕೊಂಡೇ ಮಾತುಕತೆಗೆ ತೊಡಗುವುದು ಸೂಕ್ತ.

ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದಿಂದ 10 ಕಿ.ಮೀ. ಒಳಗೆ ಹೊಸ ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಅಗತ್ಯವಿದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಒಳಗೊಂಡ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಮೀಪದ ಗ್ರಾಮಗಳ ಅರ್ಜಿದಾರರು ಇದಕ್ಕೆ ತಗಲುವ ಕಾಲಾವಕಾಶವನ್ನು ಗಮನದಲ್ಲಿಡತಕ್ಕದ್ದು. ಕೊಡಗಿನ ನಿರ್ದಿಷ್ಟ ವರ್ಗಗಳಿಗೆ ಇರುವ ವಿನಾಯಿತಿ ಈ ಜಿಲ್ಲೆಗೆ ಅನ್ವಯಿಸುವುದಿಲ್ಲ.

3. ಮಾರಾಟಗಾರರಿಂದ ಪರಿಶೀಲಿಸಬೇಕಾದ ದಾಖಲೆಗಳು

ಅ) ಮಾರಾಟಗಾರರ ಮೂಲ ಪರವಾನಗಿ, ಅದರ ಅವಧಿ ಮತ್ತು ವಿಶಿಷ್ಟ ಗುರುತಿನ ಸಂಖ್ಯೆ.
ಆ) ಪರವಾನಗಿಯಲ್ಲಿನ ತಯಾರಕರ ಹೆಸರು, ಬೋರ್ ಹಾಗೂ ಕೋವಿಯ ಸಂಖ್ಯೆ. ಇವು ಲೋಹದ ಮೇಲೆ ಕೆತ್ತಿದ ಗುರುತುಗಳಿಗೆ ಅಕ್ಷರಶಃ ಹೊಂದಬೇಕು.
ಇ) ಗುರುತು ಇಲ್ಲದ, ಉಜ್ಜಿ ಅಳಿಸಿದ ಅಥವಾ ಮರುಕೆತ್ತಿದ ಸಂಖ್ಯೆಯ ಕೋವಿಯನ್ನು ಯಾವ ಬೆಲೆಗೂ ಕೊಳ್ಳಬಾರದು. ಗುರುತು ಅಳಿಸುವುದು ಮತ್ತು ಗುರುತಿಲ್ಲದ ಕೋವಿಯನ್ನು ಮಾರುವುದು ಕಲಂ 8ರಡಿ ನಿಷಿದ್ಧ.
ಈ) ಮೃತ ಪರವಾನಗಿದಾರರ ಕೋವಿಯನ್ನು ಮನೆಯವರು ನೇರವಾಗಿ ಮಾರುವಂತಿಲ್ಲ. ಅದನ್ನು ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ಮಾರಾಟಗಾರರಲ್ಲಿ ಠೇವಣಿ ಇರಿಸಿ, ಮುಂದಿನ ಕ್ರಮಕ್ಕಾಗಿ ಪರವಾನಗಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು.

4. ಕೋವಿಯ ಸ್ಥಿತಿಯ ಪರೀಕ್ಷೆ

ಕೋವಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಅದು ತುಂಬಿದೆ ಎಂದೇ ಭಾವಿಸಿ, ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಖಾಲಿ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತೋಟಾ ಕೋವಿಯನ್ನು ಮಡಚಿ ತೆರೆದರೆ ತಿಳಿಯುತ್ತದೆ. ಕೇಪಿನ ಕೋವಿಯಲ್ಲಿ ಕೇಪು ಇಲ್ಲದಿದ್ದರೂ ಒಳಗೆ ಮದ್ದು ಉಳಿದಿರಬಹುದು. ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ಇಳಿಸಿ, ಅದು ಇಳಿದ ಆಳವನ್ನು ಹೊರಗಿನ ನಳಿಗೆಯ ಉದ್ದಕ್ಕೆ ಹೋಲಿಸಬೇಕು. ಆಳ ಕಡಿಮೆ ಬಂದರೆ ಒಳಗೆ ಮದ್ದು ಅಥವಾ ತಡೆ ಇದೆ ಎಂದರ್ಥ.

ಅನಂತರ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬೇಕು.

ನಳಿಗೆ: ಕರಾವಳಿಯ ಉಪ್ಪು ಗಾಳಿ ಮತ್ತು ಮಳೆಗಾಲದ ತೇವದಿಂದ ತುಕ್ಕು ಬೇಗ ಹಿಡಿಯುತ್ತದೆ. ಕಪ್ಪು ಮದ್ದಿನ ಶೇಷ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಎಣ್ಣೆ ಒರೆಸಿ ತೆಗೆದ ನಂತರವೇ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಆಳವಾದ ಗುಳಿ, ಉಬ್ಬು, ಬಿರುಕು ಅಥವಾ ಬೆಸುಗೆ ಕಂಡರೆ ಕೊಳ್ಳಬಾರದು.

ಜೋಡಣೆ: ಮುಚ್ಚಿದ ನಂತರ ನಳಿಗೆ ಅಲುಗಾಡಿದರೆ ಹಿಂಬದಿಯಿಂದ ಅನಿಲ ಚಿಮ್ಮಿ ಕಣ್ಣು, ಮುಖಕ್ಕೆ ಗಾಯವಾಗುವ ಸಂಭವವಿದೆ.

ಕುದುರೆ ಮತ್ತು ಟ್ರಿಗರ್: ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿದಾಗ ಟ್ರಿಗರ್ ಒತ್ತಿದರೂ ಅದು ಬೀಳಬಾರದು. ಸುರಕ್ಷತಾ ಗುಂಡಿ ಇರುವ ಕೋವಿಯಲ್ಲಿ ಅದನ್ನು ಹಾಕಿದಾಗ ಟ್ರಿಗರ್ ಕೆಲಸ ಮಾಡಬಾರದು.

ಬೋರ್ ಮತ್ತು ತೋಟಾ: ಹಳೆಯ ಕೆಲವು 12 ಬೋರ್ ಕೋವಿಗಳ ತೋಟಾ ಕೋಣೆ 65 ಮಿ.ಮೀ. ಉದ್ದದ್ದು. ಅವುಗಳಲ್ಲಿ 70 ಮಿ.ಮೀ. ತೋಟಾ ಹಾರಿಸಿದರೆ ಒತ್ತಡ ಮಿತಿ ಮೀರುತ್ತದೆ. ಪಟ್ಟಿ ಪಟ್ಟಿಯಾಗಿ ಕಾಣುವ ಹಳೆಯ ಡಮಾಸ್ಕಸ್ ನಳಿಗೆಗಳಲ್ಲಿ, ಅವು ಹೊಗೆರಹಿತ ಮದ್ದಿಗೆ ಪರೀಕ್ಷೆಗೊಂಡ ಗುರುತು ಇಲ್ಲದಿದ್ದರೆ, ಇಂದಿನ ತೋಟಾ ಬಳಸಲೇಬಾರದು. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹಾರಿಸಿದರೆ ನಳಿಗೆ ಒಡೆಯುತ್ತದೆ.

ಅನುಮಾನವಿದ್ದಲ್ಲಿ ಪರವಾನಗಿ ಹೊಂದಿದ ದುರಸ್ತಿದಾರರಿಂದಲೇ ಪರೀಕ್ಷೆ ಮಾಡಿಸತಕ್ಕದ್ದು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ.

5. ಲಿವರ್ ರೈಫಲ್‌ಗಳು

ಕೆಲವು ಹಳೆಯ ಕುಟುಂಬಗಳಲ್ಲಿ ವಿಂಚೆಸ್ಟರ್ ಮುಂತಾದ ವಿದೇಶಿ ತಯಾರಿಕೆಯ ಲಿವರ್ ರೈಫಲ್‌ಗಳು ಉಳಿದಿರಬಹುದು. ಹಳೆಯ ಮಾದರಿಗಳಲ್ಲಿ ಹಲವಕ್ಕೆ ಪ್ರತ್ಯೇಕ ಸುರಕ್ಷತಾ ಗುಂಡಿ ಇಲ್ಲ. ಕುದುರೆಯ ಅರ್ಧ ನಿಲುಗಡೆಯೇ ಅವುಗಳ ಮುಖ್ಯ ರಕ್ಷಣೆ. ಅದು ಸವೆದಿದ್ದರೆ ಕೋವಿ ಕೆಳಗೆ ಬಿದ್ದಾಗಲೂ ಗುಂಡು ಹಾರಬಹುದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಗುಂಡುಗಳು ಒಂದರ ಹಿಂದೆ ಒಂದು ನಿಲ್ಲುವ ಮಾದರಿಗಳಲ್ಲಿ ಚೂಪು ಮೂತಿಯ ಗುಂಡು ಮುಂದಿನ ಗುಂಡಿನ ಕೇಪಿಗೆ ತಾಗಿ ಸಿಡಿಯುವ ಅಪಾಯವಿದೆ. ಆದ್ದರಿಂದ ಚಪ್ಪಟೆ ಮೂತಿಯ ಗುಂಡುಗಳೇ ಅವಕ್ಕೆ ಯೋಗ್ಯ. ಬೋರ್ ನಿಷೇಧಿತ ವರ್ಗಕ್ಕೆ ಸೇರಿದೆಯೇ, ಆ ಬೋರಿನ ಗುಂಡುಗಳು ದೊರೆಯುತ್ತವೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಗುಂಡು ದೊರೆಯದ ರೈಫಲ್‌ನಿಂದ ಕೃಷಿಕರಿಗೆ ಪ್ರಯೋಜನವಿಲ್ಲ.

6. ಖರೀದಿಯ ವಿಧಾನ

ಖಾಸಗಿ ಪರವಾನಗಿದಾರರು ಕೋವಿಯನ್ನು ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಪೊಲೀಸ್ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಹಾಗೆ ತಿಳಿಸಿದ ದಿನದಿಂದ ಕನಿಷ್ಠ 45 ದಿನಗಳು ಕಳೆಯುವವರೆಗೆ ಕೋವಿಯನ್ನು ಹಸ್ತಾಂತರಿಸುವಂತಿಲ್ಲ. ಸಂಬಂಧಿಕರ ನಡುವಿನ ಮಾರಾಟಕ್ಕೂ ಇದು ಅನ್ವಯಿಸುತ್ತದೆ. ಸೂಚನಾ ಪತ್ರದ ಸ್ವೀಕೃತಿಯ ಪ್ರತಿಯನ್ನು ಖರೀದಿದಾರರು ಪಡೆದಿಟ್ಟುಕೊಳ್ಳುವುದು ಒಳಿತು. ಹಸ್ತಾಂತರದ ನಂತರ ಕೋವಿಯ ವಿವರಗಳನ್ನು ಖರೀದಿದಾರರ ಪರವಾನಗಿಯಲ್ಲಿ ನಮೂದಿಸಿಕೊಳ್ಳುವುದು ಹಾಗೂ ಮಾರಾಟಗಾರರ ಪರವಾನಗಿಯಿಂದ ತೆಗೆಸುವುದು ಎರಡೂ ಆಗಬೇಕು.

7. ವಿಶೇಷ ಸೂಚನೆ

ಕೋವಿಯ ಪರವಾನಗಿಯು ಬೇಟೆಯ ಅನುಮತಿಯಲ್ಲ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಡಿ ಬೇಟೆ ನಿಷಿದ್ಧ. ನಿಂತ ಬೆಳೆಗೆ ಅಪಾಯಕಾರಿಯಾದ, ಅನುಸೂಚಿ 2ರ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯ ಲಿಖಿತ ಆದೇಶ ಅವಶ್ಯಕ. ಕಾಡುಹಂದಿಯೂ ಇದೇ ಅನುಸೂಚಿಯಲ್ಲಿದೆ.

ಮನೆಯಲ್ಲಿ ಕೋವಿಯನ್ನು ಖಾಲಿ ಮಾಡಿ ಬೀಗ ಹಾಕಿ, ಮದ್ದು ಹಾಗೂ ತೋಟಾಗಳನ್ನು ಬೇರೆಡೆ ಬೀಗದೊಳಗೆ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಚುನಾವಣಾ ಸಂದರ್ಭದಲ್ಲಿ ಠೇವಣಿ ಇಡಲು ಆದೇಶ ಬಂದಲ್ಲಿ ಕೋವಿಯನ್ನು ಒಪ್ಪಿಸಿ ರಸೀದಿ ಪಡೆಯತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಕಾರವಾರದ ಜಿಲ್ಲಾಧಿಕಾರಿಗಳ ಕಾರ್ಯಾಲಯವನ್ನು ಅಥವಾ ಸಂಬಂಧಪಟ್ಟ ಪೊಲೀಸ್ ಠಾಣೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.